ಪಟ್ಟಿಯ ಕೊನೆಯ ಸಾಲು

ವಿಜಯನಗರ, ಮೈಸೂರು
14-11-2025

ಪ್ರೀತಿಯ ಅಮ್ಮನಿಗೆ ನಿನ್ನ ಧರಣಿಯ ನಮಸ್ಕಾರ.

ನೀನಿರುವ ಅಗ್ರಹಾರ ಇಲ್ಲಿಂದ ಆಟೋದಲ್ಲಿ ಇಪ್ಪತ್ತು ನಿಮಿಷ, ಇವಳೇಕೆ ಕಾಗದ ಬರೆದಳು ಅಂತ ಗಾಬರಿಯಾಗಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ವಾಟ್ಸ್ಆಪ್‌ನಲ್ಲಿ ನಾಲ್ಕು ಸಲ ಬರೆದು ನಾಲ್ಕು ಸಲವೂ ಅಳಿಸಿದೆ. ಪೆನ್ನು ಹಿಡಿದರೆ ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳಲಾರೆ ಅಂತ ಈ ಕಾಗದ.

ಕಳೆದ ಭಾನುವಾರವೂ ನೀನು ಫೋನ್ ಮುಂದೆ ಹಿಡಿದು, "ಬಂತೇನಮ್ಮ ಅದು?" ಎಂದು ಕೇಳಿದೆ. ನಾನು ಎಂದಿನ ಹಾಗೆ ಚೀಟಿಯಲ್ಲಿ 'ಮುಂದಿನ ಅಪ್‌ಡೇಟ್‌ಗೆ' ಅಂತ ಬರೆದು ತೋರಿಸಿದೆ. ಎಂಟು ತಿಂಗಳಿಂದ ಇದೇ ಉತ್ತರ. ಅಮ್ಮ, ಅದು ಬರುವುದಿಲ್ಲ. ಎದುರಿಗಿದ್ದವರ ಮಾತನ್ನು ಕನ್ನಡದಲ್ಲಿ ಬರೆದು ತೋರಿಸುತ್ತಿದ್ದ ನಿನ್ನ ಆ ಆಪ್ ಇರುವುದು ಆಂಡ್ರಾಯ್ಡ್ ಫೋನಿಗೆ ಮಾತ್ರ. ನಾನು ಕೊಟ್ಟ ಐಫೋನಿಗೆ ಇಲ್ಲ. ಅದು ನನಗೆ ಮೊದಲೇ ಗೊತ್ತಿತ್ತು.

ಫೋನ್ ಬದಲಿಸುವ ಮುಂಚೆ ನೀನೇ ಹುಷಾರಾಗಿ ಪಟ್ಟಿ ಮಾಡಿಸಿದ್ದೆ. ಕ್ಯಾಲೆಂಡರ್ ಹಾಳೆಯ ಹಿಂದೆ ಎರಡು ಕಾಲಂ ಎಳೆದು, ಯೂಟ್ಯೂಬ್, ಪಂಚಾಂಗ, ಗ್ಯಾಸ್ ಬುಕಿಂಗ್ ಅಂತ ಒಂದೊಂದೂ ಎರಡೂ ಫೋನಿನಲ್ಲಿದೆಯೇ ಎಂದು ನೋಡಿ ನಾನು ರೈಟ್ ಹಾಕುತ್ತಾ ಬಂದೆ. ಕೊನೆಯ ಸಾಲಿನಲ್ಲಿ ನಿನ್ನ ಆಪ್. ಹುಡುಕಿದೆ, ಸಿಗಲಿಲ್ಲ. ಅಂಥದ್ದೇ ಬೇರೆ ಎರಡಿದ್ದವು, ಅವಕ್ಕೆ ಕನ್ನಡ ಬರುತ್ತಿರಲಿಲ್ಲ. ಆದರೂ ರೈಟ್ ಹಾಕಿದೆ.

ಯಾಕೆ ಅಂತ ನಿನಗೆ ಗೊತ್ತಿರಲಾರದು. ಪ್ರಸನ್ನನ ಮನೆಯವರು ನನ್ನನ್ನು ನೋಡಲು ಬಂದ ದಿನ ನೀನು ಉಪ್ಪಿಟ್ಟಿನ ತಟ್ಟೆಗಳ ನಡುವೆ ಫೋನ್ ಇಟ್ಟುಕೊಂಡು ಕೂತಿದ್ದೆ. ಅತ್ತೆ ತಮ್ಮ ತಂಗಿಯ ಕಡೆ ಬಾಗಿ, "ಇವ್ರಿಗೆ ಕಿವಿ ಕೇಳ್ಸಲ್ವಂತೆ, ನಾಳೆ ಮೊಮ್ಮಕ್ಕಳಿಗೂ ಬಂದ್ಬುಟ್ರೆ?" ಎಂದರು. ನೀನು ಅದನ್ನು ಓದಿ ಜೋರಾಗಿ, "ನಂಗೆ ಜ್ವರದಲ್ಲಿ ಹೋಗಿದ್ದು ಕಣ್ರೀ, ಹುಟ್ಟಿನಿಂದ ಬಂದಿದ್ದಲ್ಲ" ಎಂದೆ. ಅತ್ತೆಯ ಮುಖ ಕಪ್ಪಿಟ್ಟಿತು. ನಾಚಿಕೆಯಾಗಬೇಕಿದ್ದದ್ದು ಅವರಿಗೆ, ಆದದ್ದು ನನಗೆ. ಮದುವೆ ಮುಗಿಯುವವರೆಗೆ ನೀನು ಯಾರ ಮಾತನ್ನೂ ಓದದಿದ್ದರೆ ಸಾಕು ಅನ್ನಿಸಿಬಿಟ್ಟಿತು.

ಹಾಗೇ ಆಯಿತು. ಛತ್ರದಲ್ಲಿ ಯಾರು ಏನಂದರೂ ನೀನು ತಲೆಯಾಡಿಸಿ ನಗುತ್ತಿದ್ದೆ. ನಿಮ್ಮಮ್ಮ ಎಷ್ಟು ಸಾಧು ಅಂತ ಅತ್ತೆ ಹೊಗಳಿದರು. ನನಗೆ ಸಂತೋಷವಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಆಮೇಲೆ ನಿಜ ಹೇಳೋಣ ಅಂದುಕೊಂಡೆ, ಬಾಯಿ ಬರಲಿಲ್ಲ. ಅಷ್ಟರಲ್ಲಿ ನಿನ್ನ ಗಿರಾಕಿ ಮಂಜುಳಮ್ಮ ಬೆನ್ನಿಗೆ ಹೇಳಿದ್ದ ಡೀಪ್ ನೆಕ್ ಅನ್ನು ನೀನು ಮುಂದೆ ಇಟ್ಟು ಹೊಲಿದೆ, ಅವರು ಬ್ಲೌಸ್ ಕೊಡುವುದನ್ನೇ ನಿಲ್ಲಿಸಿದರು. ಮೊನ್ನೆ ಎದುರುಮನೆಯ ಸಾಕಮ್ಮ, ಅಳಿಯ ಆಸ್ಪತ್ರೆ ಸೇರಿದ್ದಾನೆ ಎಂದರೆ ನೀನು ನಗುತ್ತಾ, "ಒಳ್ಳೇದಾಯ್ತು ಬುಡು" ಎಂದೆಯಂತೆ. ಅವರು ನಿನ್ನ ಜೊತೆ ಮಾತು ಬಿಟ್ಟಿದ್ದಾರೆ. ಯಾಕೆ ಅಂತ ನಿನಗೆ ಇವತ್ತಿಗೂ ತಿಳಿಯದು. ಇದನ್ನು ಕೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ಅದು ನಿನ್ನ ತಪ್ಪಲ್ಲ, ನನ್ನದು. ಸಾಕಮ್ಮನವರಿಗೂ ನಾನೇ ಹೇಳುತ್ತೇನೆ.

ಹಳೆಯ ಫೋನನ್ನು ಅಂಗಡಿಗೆ ಕೊಟ್ಟೆ ಅಂದದ್ದೂ ಸುಳ್ಳು. ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ನಾಳೆ ಪ್ರಸನ್ನನ ಕೈಲಿ ಈ ಕಾಗದದ ಜೊತೆ ಕಳಿಸುತ್ತೇನೆ. ನಿನ್ನ ಮುಖ ನೋಡುವ ಧೈರ್ಯ ಸದ್ಯಕ್ಕೆ ಇಲ್ಲ. ಕ್ಷಮಿಸು ಅನ್ನಲೂ ಸಂಕೋಚ.

ನಿನ್ನ ಮಗಳು,
ಧರಣಿ

ತಾ.ಕ.: ಕಳಿಸುವ ಮುಂಚೆ ಫೋನ್ ಚಾರ್ಜಿಗೆ ಹಾಕಿ ಆ ಆಪ್ ತೆರೆದೆ. ನೀನು ಸೇವ್ ಮಾಡಿಟ್ಟುಕೊಂಡದ್ದೆಲ್ಲ ಗಿರಾಕಿಗಳು ಹೇಳಿದ ಅಳತೆಗಳು. ಕೊನೆಯದೊಂದು ಮಾತ್ರ ನನ್ನ ಮಾತು. ನೀನು ಆ ಆಪ್ ತೆರೆದಿಟ್ಟು ಹೊಲಿಗೆ ಮಿಷನ್ ತುಳಿಯುತ್ತಿದ್ದಾಗ ನಾನು ಪಕ್ಕದಲ್ಲೇ ನಿಂತು ಗೆಳತಿ ಕುಸುಮಳಿಗೆ ಫೋನಿನಲ್ಲಿ ಹೇಳಿದ್ದು: "ಐಫೋನಲ್ಲಿ ಆ ಆಪ್ ಇಲ್ಲ ಕಣೇ, ಅದಕ್ಕೇ ಅಮ್ಮಂಗೆ ಅದನ್ನ ಕೊಡ್ತಿರೋದು." ಅದರ ಮಾರನೆಯ ದಿನವೇ ನೀನು ಹಳೆಯ ಫೋನನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟದ್ದು. ಎಲ್ಲ ಓದಿಕೊಂಡೇ ಕೊಟ್ಟಿದ್ದೀಯ. ಗೊತ್ತಿದ್ದೂ ಪ್ರತಿ ಭಾನುವಾರ ಕೇಳಿದ್ದೀಯ. ಪ್ರಸನ್ನನ ಕೈಲಿ ಕಳಿಸುವುದಿಲ್ಲ ಅಮ್ಮ. ನಾಳೆ ಬೆಳಿಗ್ಗೆ ನಾನೇ ತರುತ್ತೇನೆ.