ಸೊರಬದ ಸೆಟ್ ಏಳಲಿಲ್ಲ

1 ಅಕ್ಟೋಬರ್ 2025, ಬುಧವಾರ. ಶಿಕಾರಿಪುರ, ಸಂಜೆ 5

ಸೊರಬದ ಸೆಟ್ ಮುಗಿಯಿತು. ನಲವತ್ತಮೂರು ಇಂಚಿನ ಟಿವಿ. ಪಂಚಾಕ್ಷರಪ್ಪನವರದ್ದು — ಪಿಡಬ್ಲ್ಯೂಡಿಯಿಂದ ನಿವೃತ್ತರು, ದಿನಕ್ಕೆರಡು ಸಲ ಫೋನ್. ದನಿ ಇತ್ತು, ಚಿತ್ರ ಇರಲಿಲ್ಲ. ಪರದೆಯ ಹಿಂದಿನ ಬೆಳಕಿನ ಪಟ್ಟಿಗಳು ಸುಟ್ಟಿದ್ದವು. ಬದಲಾಯಿಸಿದೆ. ಬೆಳಿಗ್ಗೆಯಿಂದ ಎಂಟು ಗಂಟೆ ಓಡಿಸಿದೆ. ಒಮ್ಮೆಯೂ ಮಿಣುಕಲಿಲ್ಲ.

ಆಯುಧಪೂಜೆ. ಹೆಂಡತಿ ಮಧ್ಯಾಹ್ನದಿಂದ ಅಂಗಡಿಯಲ್ಲೇ. ಮೀಟರ್, ಸೋಲ್ಡರಿಂಗ್ ಕಡ್ಡಿ, ಸ್ಕ್ರೂಡ್ರೈವರ್ ಎಲ್ಲ ಮಣೆಯ ಮೇಲೆ ಸಾಲಾಗಿ. ಗಿರಾಕಿಗಳ ಸೆಟ್‌ಗೆ ಪೂಜೆ ಬೇಡ ಅಂದೆ.

"ಹೊಸ್ತಿಲ ಒಳಗೈತೋ ಇಲ್ಲೋ? ಮತ್ಯಾಕ್ರೀ ಬ್ಯಾಡ? ನೀವೇ ಹಚ್ರಿ, ನಂಗೆ ನಿಲುಕಲ್ಲ" ಅಂದಳು ಗಂಗಾಶ್ರೀ.

ವಿಭೂತಿ ಕಲಸಿ ಆರು ಸೆಟ್‌ಗೂ ಹಚ್ಚಿದೆ. ಪರದೆಗೆ ತಾಗಬಾರದು. ಅದಕ್ಕೇ ಕೆಳಗಿನ ಕಪ್ಪು ಚೌಕಟ್ಟಿನ ನಟ್ಟನಡುವೆ, ಬೆರಳ ತುದಿಯಲ್ಲಿ ಮೂರು ಸಣ್ಣ ಗೆರೆ. ನೀರು ಹೆಚ್ಚಾಗಿ ಗೆರೆ ನೆಟ್ಟಗೆ ನಿಲ್ಲಲಿಲ್ಲ. ಸೊರಬದ್ದಕ್ಕೆ ಎರಡು ಸಲ ಹಚ್ಚಿದೆ. ಸಿಟ್ಟು ಬಂತು. ಇಷ್ಟು ಸಣ್ಣದಕ್ಕೂ ಬರುತ್ತದೆ.

ಹೊಸ ಕಾದಂಬರಿ, 40ನೇ ಪುಟ. ಯಾವುದೋ ಹಿಮದ ದೇಶದ್ದು, ಇಂಗ್ಲಿಷಿನ ಮೂಲಕ ಕನ್ನಡಕ್ಕೆ. ಅನುವಾದಕರ ಮಾತಿನ ಕೊನೆಗೆ ಅದೇ ಸಾಲು — ತಪ್ಪುಗಳಿದ್ದರೆ ಅವು ನನ್ನವು. ಎಲ್ಲರೂ ಬರೆಯುತ್ತಾರೆ. ಯಾವ ತಪ್ಪು, ಎಷ್ಟನೇ ಪುಟ ಅಂತ ಒಬ್ಬರೂ ಬರೆದಿದ್ದು ನೋಡಿಲ್ಲ.

2 ಅಕ್ಟೋಬರ್, ಗುರುವಾರ

ಲೋಕೇಶ ಬಂದಿದ್ದ. ಬನ್ನಿ ಕೊಟ್ಟು ಕಾಲಿಗೆ ಬಿದ್ದ. ಆರು ವರ್ಷ ನನ್ನ ಹತ್ತಿರ ಕಲಿತವನು. ಸೊರಬದಲ್ಲಿ ಸ್ವಂತ ಅಂಗಡಿ ಇಟ್ಟು ಒಂಬತ್ತು ವರ್ಷ. ಹೋಗುವಾಗ ನನ್ನ ಹಳದಿ ಮೀಟರ್ ಕೊಟ್ಟಿದ್ದೆ. ಜೊತೆಗೆ ಒಂದೇ ಮಾತು: ಅಳೆಯದೆ ಆಡಬೇಡ.

ಪಂಚಾಕ್ಷರಪ್ಪನವರ ಸೆಟ್ ಅವನೇ ಒಯ್ದು ಗೋಡೆಗೆ ಹಾಕುತ್ತಾನೆ. "ಒಂದ್ಸಲ ಆನ್ ಮಾಡಿ ನೋಡ್ಲಾ ಅಣ್ಣಾ?" ಅಂದ. ಪೂಜೆಗೆ ಇಟ್ಟಿದ್ದನ್ನು ಸಂಜೆ ಇಳಿಸೋವರೆಗೆ ಚಾಲೂ ಮಾಡಬಾರದು ಅಂತ ಗಂಗಾಶ್ರೀ. ನಿನ್ನೆ ಎಂಟು ಗಂಟೆ ಓಡಿದೆ, ಒಯ್ಯಿ ಅಂದೆ.

ಬನ್ನಿ ಎಲೆ ಪುಸ್ತಕದಲ್ಲಿ, 71ನೇ ಪುಟಕ್ಕೆ.

3 ಅಕ್ಟೋಬರ್, ಶುಕ್ರವಾರ. ಬೆಳಿಗ್ಗೆ 9:40

ಪಂಚಾಕ್ಷರಪ್ಪನವರ ಫೋನ್.

"ಏನ್ರೀ ಮಹಾಂತೇಶಪ್ಪ, ಟಿವಿ ನಿಮ್ಮ ಹಂಗೇ ಆಗಿದೆ ನೋಡಿ. ಕೆಂಪು ಕಣ್ಣು ಬಿಡ್ತದೆ, ಬಾಯಿ ಬಿಡಲ್ಲ."

ರಿಮೋಟ್ ಒತ್ತಿದರೂ ಏಳುತ್ತಿಲ್ಲ. ಹೋಗುವಾಗ ಸರಿ ಇತ್ತಲ್ಲ ಅಂದೆ. "ನಿಮ್ಮ ಶಿಷ್ಯ ಹಿಂದಗಡೆ ಬಿಚ್ಚಿ ಅರ್ಧ ಗಂಟೆ ನೋಡ್ದ. ನಮ್ಮ ಮನೆಯವಳು ಹುಚ್ಚಮ್ಮ ಧಾರಾವಾಹಿ ಇಲ್ದೆ ನನ್ನ ಮುಖ ನೋಡ್ಕಂಡು ಕೂತಾಳೆ. ಅದಕ್ಕಿಂತ ಶಿಕ್ಷೆ ಬೇಕಾ?"

ಬಿಚ್ಚಿದ್ದಾನೆ. ನನ್ನನ್ನು ಕೇಳದೆ. ನಾನು ಮುಚ್ಚಿ ಕಳಿಸಿದ ಸೆಟ್.

5 ಅಕ್ಟೋಬರ್, ಭಾನುವಾರ

ಸೆಟ್ ವಾಪಸ್ ತರಿಸಿದೆ. ಲೋಕೇಶ ಬರಲಿಲ್ಲ, ಆಟೋದವನ ಕೈಲಿ ಕಳಿಸಿದ.

ಹಿಂಬದಿಯ ಎರಡು ಸ್ಕ್ರೂ ಬೇರೆ. ನನ್ನವು ಕಪ್ಪು, ಇವು ಬಿಳಿ. ಒಳಗೆ ಅಳೆದೆ. ಪವರ್ ಬೋರ್ಡ್ ಸರಿ, ಐದು ವೋಲ್ಟ್ ಖಡಕ್ಕಾಗಿದೆ. ಅದಕ್ಕೆ 'ಏಳು' ಅಂತ ಹೇಳಬೇಕಾದ್ದು ಮೇನ್ ಬೋರ್ಡ್. ಅದು ಹೇಳುತ್ತಿಲ್ಲ. ಸೊನ್ನೆ. ಎಂಟು ಗಂಟೆ ಓಡಿದ ಬೋರ್ಡ್ ಎರಡು ದಿನದಲ್ಲಿ ಹೆಣ.

ಒಂದೇ ಅರ್ಥ. ಒಳ್ಳೆಯದನ್ನು ತೆಗೆದು ಸತ್ತದ್ದನ್ನು ಹಾಕಿದ್ದಾನೆ. ಇದೇ ಕಂಪನಿಯ ಸೆಟ್ ಅವನ ಅಂಗಡಿಯಲ್ಲೂ ಒಂದು ಬಿದ್ದಿತ್ತು, ಹೋದ ತಿಂಗಳು ಅವನೇ ಹೇಳಿದ್ದ.

ಫೋನ್ ಮಾಡಿದೆ.

"ಸ್ಕ್ರೂ ಕೆಳಗೆ ಬಿದ್ದು ಸಿಗಲಿಲ್ಲ ಅಣ್ಣಾ, ನನ್ನ ಹತ್ರ ಇದ್ದಿದ್ದು ಹಾಕ್ದೆ."

"ಬೋರ್ಡೂ ಕೆಳಗೆ ಬಿತ್ತಾ?"

"ಅಳೆದ್ರಾ ಅಣ್ಣಾ?"

ನನಗೆ! ಇವನು ನನಗೆ ಕೇಳುತ್ತಾನೆ! ಫೋನ್ ಇಟ್ಟೆ. ಹುಬ್ಬಳ್ಳಿಗೆ ಹೊಸ ಬೋರ್ಡ್ ಆರ್ಡರ್ ಮಾಡಿದೆ.

6 ಅಕ್ಟೋಬರ್, ಸೋಮವಾರ. ಬೆಳಿಗ್ಗೆ 7

ಮೆಕ್ಯಾನಿಕ್‌ಗಳ ವಾಟ್ಸ್ಆಪ್ ಗ್ರೂಪಿಗೆ ಹಾಕಿದೆ. ಅರವತ್ತೊಂದು ಜನ ಇದ್ದಾರೆ. 'ಸೊರಬದ ಲೋಕೇಶನ ಕೈಗೆ ಸೆಟ್ ಕೊಡುವವರು ಒಳಗಿನ ಬೋರ್ಡ್ ಫೋಟೊ ತೆಗೆದಿಟ್ಟುಕೊಳ್ಳಿ. ನನ್ನ ಸೆಟ್‌ನಲ್ಲಿ ಬೋರ್ಡ್ ಬದಲಾಗಿದೆ.' ಹೆಸರು ಹಾಕಿಯೇ ಬರೆದೆ. ಸುತ್ತಿ ಬಳಸಿ ಬರೆಯುವುದು ನನಗಾಗದು.

ಗ್ರೂಪಿನ ಚನ್ನೇಶ್ ಕೈ ಮುಗಿದ ಚಿತ್ರ ಹಾಕಿದ. ಇನ್ನೊಬ್ಬ ಹೆಬ್ಬೆಟ್ಟು. ಲೋಕೇಶ ಓದಿದ್ದಾನೆ. ಕಳ್ಳನಿಗೆ ಉತ್ತರ ಎಲ್ಲಿಂದ?

11 ಅಕ್ಟೋಬರ್, ಶನಿವಾರ

ಐದು ದಿನ ಬರೆದಿಲ್ಲ. ಓದಿಯೂ ಇಲ್ಲ. 71ರಲ್ಲೇ ಎಲೆ.

ಇವತ್ತು ಲೋಕೇಶನ ಹೆಂಡತಿ ಸುನಿತಾ ಬಂದಿದ್ದಳು. ಸೊರಬದಿಂದ ಬಸ್ಸಿನಲ್ಲಿ, ಒಬ್ಬಳೇ. ಕೂರು ಅಂದೆ. ಕೂರಲಿಲ್ಲ. ಶಿವಮೊಗ್ಗದ ಡೀಲರ್ ಸೊರಬ ಕಡೆಯ ಸರ್ವಿಸ್ ಕೆಲಸವನ್ನೆಲ್ಲ ಲೋಕೇಶನಿಗೇ ಕೊಡುತ್ತಿದ್ದರು. ಅವರೂ ಗ್ರೂಪಿನಲ್ಲಿದ್ದಾರೆ. ಮಂಗಳವಾರದಿಂದ ಒಂದೂ ಕೆಲಸ ಬಂದಿಲ್ಲವಂತೆ.

"ಕೇಳಿದ್ದಕ್ಕೆ 'ನಿಮ್ಮ ಗುರುಗಳೇ ಹಂಗೆ ಬರೆದ ಮೇಲೆ ನಾವೇನು ಮಾಡಾಣ' ಅಂದ್ರಂತೆ. ನಮ್ಮನೆಯವರು ನಿಮ್ಮ ಮೇಲೆ ಒಂದು ಮಾತು ಆಡಿಲ್ಲ ಅಣ್ಣಾ. ಆಡಿದ್ರೆ ನಂಗೆ ಸಮಾಧಾನ ಆಗ್ತಿತ್ತು."

ಚೀಲದಿಂದ ಹಳದಿ ಮೀಟರ್ ತೆಗೆದು ಮೇಜಿನ ಮೇಲಿಟ್ಟಳು.

"ತಗಳಿ. ಇದನ್ನೂ ಕದ್ದಿದ್ದು ಅಂತ ಗ್ರೂಪಿಗೆ ಹಾಕಿ."

ಹೋದಳು. ಗಂಗಾಶ್ರೀ ನೀರು ತಂದು ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ನೋಡಿ ಲೋಟದ ನೀರನ್ನು ಗಿಡಕ್ಕೆ ಹಾಕಿದಳು.

ಧೈರ್ಯ ನೋಡು! ಗಂಡ ಕದಿಯಬೇಕು, ಹೆಂಡತಿ ಬಂದು ನನಗೆ ಅನ್ನಬೇಕು.

13 ಅಕ್ಟೋಬರ್, ಸೋಮವಾರ. ಮಧ್ಯಾಹ್ನ 3

ಹುಬ್ಬಳ್ಳಿಯಿಂದ ಬೋರ್ಡ್ ಬಂತು. ಹಾಕಿದೆ.

ಏಳಲಿಲ್ಲ.

ಕೆಂಪು ದೀಪ. ರಿಮೋಟ್ ಒತ್ತಿದರೆ ಏನೂ ಇಲ್ಲ. ಹೊಚ್ಚ ಹೊಸ ಬೋರ್ಡ್, ಅದೇ ಸೊನ್ನೆ. ಹುಬ್ಬಳ್ಳಿಯವನನ್ನು ಬೈದೆ. ಹಳೆಯದನ್ನೇ ಹಾಕಿದೆ. ಅದೇ.

ಅಂದರೆ ಹಳೇ ಬೋರ್ಡ್ ಸತ್ತಿಲ್ಲ. ಅಂದರೆ ಯಾರೂ ಬದಲಾಯಿಸಿಲ್ಲ.

4:30

ಹೊಸಬರಿಗೆ ಮೊದಲ ದಿನ ಹೇಳಿಕೊಡುವುದು: ಏನೂ ತೋಚದಿದ್ದರೆ ಬೋರ್ಡಿಗೆ ಬಂದಿರುವ ವೈರುಗಳನ್ನು ಒಂದೊಂದಾಗಿ ಬಿಚ್ಚು, ಪ್ರತಿ ಸಲ ಆನ್ ಮಾಡು. ಲೋಕೇಶನಿಗೂ ಹೇಳಿಕೊಟ್ಟಿದ್ದೆ. ಎಂಟು ದಿನ ನಾನು ಮಾಡಿರಲಿಲ್ಲ.

ಸ್ಪೀಕರ್ ಬಿಚ್ಚಿದೆ. ಇಲ್ಲ. ಪರದೆಗೆ ಹೋಗುವ ಪಟ್ಟಿ ವೈರು, ನೋಡಿ ಮತ್ತೆ ಸಿಕ್ಕಿಸಿದೆ. ಇಲ್ಲ. ಕೊನೆಗೆ ಕೆಳಗಿನ ಬಟನ್‌ಗೆ ಹೋಗುವ ಸಣ್ಣ ವೈರು.

ಸೆಟ್ ಎದ್ದಿತು. ನೀಲಿ ಪರದೆ. ದೀಪಗಳೆಲ್ಲ ಚೆನ್ನಾಗಿ ಉರಿದವು.

ಬಟನ್ ಇರುವುದು ಚೌಕಟ್ಟಿನ ಕೆಳಗೆ, ನಟ್ಟನಡುವೆ. ಅದರ ಪುಟ್ಟ ಬೋರ್ಡ್ ಹೊರಗೆ ತೆಗೆದೆ. ನನ್ನ ಮೀಟರ್ ಬಿಡಿಬಿಡಿ ಭಾಗಗಳ ಕೆಳಗೆ ಎಲ್ಲೋ ಹೂತಿತ್ತು. ಹಳದಿಯದು ಕೈಗೆ ಸಿಕ್ಕಿತು. ಅದರಲ್ಲೇ ಅಳೆದೆ. ಯಾರೂ ಒತ್ತದ ಬಟನ್ — ಮೀಟರ್ ಮಾತ್ರ ಒತ್ತಿಯೇ ಇದೆ ಅನ್ನುತ್ತಿದೆ. ಯಾರೋ ಹನ್ನೆರಡು ದಿನದಿಂದ ಬೆರಳು ಎತ್ತಿಲ್ಲ ಅನ್ನುವ ಹಾಗೆ. ಏಳಲು ಅದು ಬಿಡುತ್ತಿರಲಿಲ್ಲ.

ಬಟನ್ನಿನ ಸುತ್ತ ಬಿಳಿ. ಉಗುರಿನಲ್ಲಿ ಕೆರೆದೆ. ಪುಡಿಯಾಯಿತು. ಮೂಸಿದೆ.

ವಿಭೂತಿ.

ಎರಡು ಸಲ ಹಚ್ಚಿದ್ದು. ನೀರು ಹೆಚ್ಚಾಗಿದ್ದು. ಈ ಡೈರಿಯಲ್ಲೇ ಇದೆ, ನನ್ನ ಅಕ್ಷರದಲ್ಲೇ. ಹನ್ನೆರಡು ದಿನದ ಹಿಂದೆ ಬರೆದಿಟ್ಟಿದ್ದೆ. ಬರೆದವನೇ ತಿರುಗಿ ಓದಲಿಲ್ಲ.

14 ಅಕ್ಟೋಬರ್, ಮಂಗಳವಾರ

ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿಸಿ ಹಾಕಿದೆ. ಇಪ್ಪತ್ತು ನಿಮಿಷದ ಕೆಲಸ. ಹಳೇ ಬೋರ್ಡೇ ಓಡುತ್ತಿದೆ.

ಗಂಗಾಶ್ರೀಗೆ ಹೇಳಿದೆ. ಹಚ್ಚು ಅಂದದ್ದು ನೀನೇ ಅಂತಲೂ ಹೇಳಿದೆ. ಹೇಳಬಾರದಿತ್ತು.

"ವಿಭೂತಿ ಹಚ್ಚು ಅಂದಿದ್ದು ನಾನು, ಖರೆ. ಆ ಹುಡ್ಗಂಗೆ ಮಸಿ ಬಳಿ ಅಂದಿದ್ದೂ ನಾನೇನ್ರೀ?"

ಯಾರಿಗೂ ಗೊತ್ತಿಲ್ಲ. ಬೋರ್ಡ್ ಹಾಕಿ ಸರಿಮಾಡಿದೆ ಅಂದರೆ ಪಂಚಾಕ್ಷರಪ್ಪನವರು ನಂಬುತ್ತಾರೆ. ಅರವತ್ತೊಂದು ಜನವೂ ನಂಬುತ್ತಾರೆ. ಇಷ್ಟು ಸುಲಭ. ಮೊದಲ ಸಲ ಹೀಗಾಗಿದೆ — ಸಿಟ್ಟು ಬಂದಿದೆ, ಬೈಯಲು ಎದುರಿಗೆ ಯಾರೂ ಇಲ್ಲ.

ಗ್ರೂಪಿಗೆ ಬರೆದೆ: 'ತಪ್ಪು ತಿಳುವಳಿಕೆಯಿಂದ ಹಾಗಾಯಿತು, ಕ್ಷಮೆ ಇರಲಿ.' ಅಳಿಸಿದೆ. ಇದೂ ಅನುವಾದಕರ ಸಾಲೇ. ಯಾವ ತಪ್ಪು, ಎಷ್ಟನೇ ಪುಟ?

ಮತ್ತೆ ಬರೆದೆ: 'ಅಕ್ಟೋಬರ್ 6ರ ನನ್ನ ಮಾತು ಸುಳ್ಳು. ಲೋಕೇಶ ಬೋರ್ಡ್ ಮುಟ್ಟಿಲ್ಲ. ಪೂಜೆಯ ದಿನ ನಾನು ಹಚ್ಚಿದ ವಿಭೂತಿಯ ನೀರು ಬಟನ್ನಿಗೆ ಇಳಿದಿತ್ತು. ಅಳೆಯದೆ ಆಡಿದೆ. — ಮಹಾಂತೇಶ್, ಶಿಕಾರಿಪುರ.' ಕಳಿಸಿದೆ.

16 ಅಕ್ಟೋಬರ್, ಗುರುವಾರ. ಸೊರಬ ಬಸ್ ಸ್ಟ್ಯಾಂಡ್, ಮಧ್ಯಾಹ್ನ 2:50

ಪಂಚಾಕ್ಷರಪ್ಪನವರ ಗೋಡೆಗೆ ನಾನೇ ಸೆಟ್ ಹಾಕಿದೆ. ನಡೆದದ್ದು ಹೇಳಿದೆ. ನಕ್ಕರು. "ನಿಮಗೆ ಟಿವಿ ಕೆಡ್ತು. ಅವನಿಗೆ ಮನೆ ಕೆಡ್ತು" ಅಂದರು. ನಗುತ್ತಲೇ.

ಆಮೇಲೆ ಲೋಕೇಶನ ಅಂಗಡಿ. ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ. ಟಿವಿ ಒಂದೂ ಇಲ್ಲ. ನಿಂತೇ ಹೇಳಿದೆ, ಒಂದು ಮಾತೂ ಬಿಡದೆ. ತಲೆ ಎತ್ತದೆ ಕೇಳಿದ.

"ಅವತ್ತು ಹಾಕಿದ್ದು ಅರವತ್ತೊಂದು ಜನಾನೂ ಓದಿದ್ರು ಅಣ್ಣಾ. ಮೊನ್ನೇದು ಎಷ್ಟು ಜನ ಓದಿದಾರೆ?"

ಫೋನ್ ತೆಗೆದು ನೋಡಿದೆ. ಹದಿನಾಲ್ಕು. ಹೇಳಿದೆ.

"ಡೀಲರು?"

ಓದಿಲ್ಲ.

ಹಳದಿ ಮೀಟರ್ ಮುಂದಿಟ್ಟೆ. ಮುಟ್ಟಲಿಲ್ಲ. "ಇಟ್ಕಳಿ. ನಿಮಗೆ ಬೇಕಾಗ್ತದೆ" ಅಂದ. ವ್ಯಂಗ್ಯವಾಗಿ ಅಲ್ಲ. ವ್ಯಂಗ್ಯವಾಗಿದ್ದರೆ ತಡೆಯಬಹುದಿತ್ತು.

ಶಿಕಾರಿಪುರದ ಬಸ್ ಬಂದಿತ್ತು. ಹತ್ತಲಿಲ್ಲ. ಶಿವಮೊಗ್ಗದ್ದು ಮೂರಕ್ಕಂತೆ. ಡೀಲರ್ ಎಂಟರವರೆಗೆ ಬಾಗಿಲು ಹಾಕುವುದಿಲ್ಲ. ಮೆಸೇಜಿನಲ್ಲಿ ಅಲ್ಲ. ಎದುರು ನಿಂತು, ಅವರ ಮೇಜಿನ ಮೇಲೆ ಈ ಮೀಟರ್ ಇಟ್ಟು ಹೇಳಬೇಕು. ಮೊದಲು ಲೋಕೇಶನ ಹೆಸರು. ಆಮೇಲೆ ನನ್ನದು. ಆಮೇಲೆ

ಬಸ್ ಬಂತು.