ಬ್ರೇಕಿನ ಮೇಲಿನ ಕಾಲು

ಮಾರ್ಚ್ ೧೨, ಗುರುವಾರ

ಇಪ್ಪತ್ತು ವರ್ಷ ಬಸ್ಸು ಓಡಿಸಿ ನಾನು ಚೆನ್ನಾಗಿ ಕಲಿತದ್ದು ತಡೆದುಕೊಳ್ಳುವುದನ್ನು. ನಡುದಾರಿಯಲ್ಲಿ ಇಳಿಯುವಂತಿಲ್ಲವೆಂದು ನೀರನ್ನೂ ಕುಡಿಯುತ್ತಿರಲಿಲ್ಲ. ಅದರ ಫಲವಾಗಿ ಮಲಬದ್ಧತೆ, ದಿನಾ ಬೆಳಿಗ್ಗೆ ಕಕ್ಕಸಿನಲ್ಲಿ ಮುಕ್ಕಾಲು ಗಂಟೆ ತಿಣುಕಾಟ.

ಹೋದ ವಾರ ಡಾಕ್ಟರು ಇದಕ್ಕೂ ಫಿಸಿಯೋಥೆರಪಿ ಇದೆಯೆಂದು ಕಳಿಸಿದರು. ಅಲ್ಲಿನ ಹುಡುಗಿ ಹೇಳಿದಳು: "ಅಂಕಲ್, ನೀವು ಬ್ರೇಕ್ ಹಾಕ್ಕೊಂಡೇ ಆಕ್ಸಿಲರೇಟರ್ ಒತ್ತುತ್ತಿದ್ದೀರ. ತಿಣುಕಬೇಡಿ. ಉಸಿರು ಬಿಡ್ತಾ ಕೆಳಗಿನ ಸ್ನಾಯು ಸಡಿಲ ಬಿಡಿ."

ಅಂದಿನಿಂದ ಎದ್ದ ಕೂಡಲೇ ಎರಡು ಲೋಟ ನೀರು, ಕಮೋಡಿನ ಮುಂದೆ ಕಾಲಿಡಲು ಮಗಳ ಮಣೆ. ಐದು ದಿನ ಏನೂ ಆಗಲಿಲ್ಲ. ಇವತ್ತು ನೋಡಿದರೆ, ನನ್ನ ಬಲಗಾಲು ಆ ಮಣೆಯನ್ನೂ ಬ್ರೇಕಿನಂತೆ ಒತ್ತಿ ಹಿಡಿದಿತ್ತು. ನಗು ಬಂತು. ನಗುತ್ತಲೇ ಕಾಲು ಸಡಿಲಿತು, ಉಳಿದದ್ದೂ ಸಡಿಲಿತು.

ಐದೇ ನಿಮಿಷಕ್ಕೆ ಹೊರಬಂದವನನ್ನು ಕಂಡು ಹೆಂಡತಿಗೆ ಗಾಬರಿ.

"ಯಾಕ್ರೀ, ನಲ್ಲೀಲಿ ನೀರು ಬರ್ತಿಲ್ವಾ?"