ಥ್ರಾಕ್‌ಸ್ಟನ್ ಪದವಿಯ ಅರ್ಧ ಪಾಲು

ಬೀಕನ್ ಕಾಟೇಜ್, ವಿಲ್ಟ್‌ಶೈರ್
೧೪ ಮಾರ್ಚ್ ೧೯೩೪

ಮಹಾಮಹಿಮಳೂ ಸದ್ಯಕ್ಕೆ ಅರ್ಧ ಬ್ಯಾರನೆಸ್ಸಳೂ ಆದ ಸಿಬಿಲಾ ಅಕ್ಕನ ದಿವ್ಯ ಸನ್ನಿಧಾನಕ್ಕೆ,

ನಿನ್ನ ಮೂರೂ ಕಾಗದ ತಲುಪಿವೆ. ಐದು ವಾರ ಉತ್ತರಿಸದೆ ಕೂತದ್ದಕ್ಕೆ ಕ್ಷಮೆ ಇರಲಿ. ಸೋಮಾರಿತನವಲ್ಲ. ನೀನು ಕಾಯುತ್ತಿದ್ದೀಯ ಎಂದು ನೆನೆದಾಗಲೆಲ್ಲ ನನಗೆ ಸೀದ ಟೋಸ್ಟೂ ರುಚಿಸುತ್ತಿತ್ತು.

ಮೊನ್ನೆ ನಿನ್ನ ವಕೀಲ ಗ್ರಿಮ್‌ತ್ವೇಟ್ ದಯಮಾಡಿಸಿದ್ದರು. ನನ್ನ ಗಂಡ ಟಾಮ್ ಅಡುಗೆಮನೆಯಲ್ಲಿ ಯಾರದೋ ಕುರಿಮರಿಗೆ ಬಾಟಲಿ ಹಾಲು ಕುಡಿಸುತ್ತಿದ್ದ. ವಕೀಲರು ಕೂರಲು ಜಾಗ ಸಿಗದೆ ನಿಂತೇ ಕಾಗದ ಬಿಚ್ಚಿದರು.

“ಇಲ್ಲೊಂದು ಸಹಿ ಹಾಕ್ಬಿಡಿ ಅಮ್ಮಾ, ಮುಗೀತು.”

“ಹಾಕ್ದಿದ್ರೆ?”

“ಥ್ರಾಕ್‌ಸ್ಟನ್ ಪ್ರಭು ಪದವಿ ಹೀಗೇ ನೇತಾಡ್ತಿರತ್ತೆ. ತೀರಿಕೊಂಡ ನಿಮ್ಮಪ್ಪಾಜಿಗೆ ಗಂಡುಮಕ್ಕಳಿಲ್ಲ. ನೀವಿಬ್ರೂ ಸಮಪಾಲು. ಇಬ್ರಿಗೂ ಇದೆ, ಅದಕ್ಕೇ ಯಾರಿಗೂ ಇಲ್ಲ. ನೀವು ಬಿಟ್ಕೊಟ್ರೆ ದೊರೆ ನಿಮ್ಮಕ್ಕನಿಗೆ ಕೊಡ್ತಾರೆ.”

“ನಾನು ಸತ್ರೆ?”

ಮರ್ಯಾದಸ್ಥರು, ಮೊದಲು ಕೆಮ್ಮಿದರು. “ಮಕ್ಕಳಿಲ್ದೆ ಹೋದ್ರೆ... ತಾನಾಗೇ ಅವ್ರಿಗೆ.”

“ಹಾಗಾದ್ರೆ ನಿಮ್ಮ ತಂಗಿ ನಾಳೆಯಿಂದ ದಿನಾ ಕಷಾಯ ಕುಡಿದು ನೂರು ವರ್ಷ ಬದುಕ್ತಾಳಂತೆ ಅಂತ ಅಕ್ಕನಿಗೆ ಹೇಳಿ.”

ಆ ಗಂಭೀರ ಘಳಿಗೆಯಲ್ಲಿ ಕುರಿಮರಿ ಅವರ ಷೂ ಮೇಲೆ ಉಚ್ಚೆ ಹೊಯ್ದಿತು. ನಾನು ಹೇಳಿಕೊಟ್ಟದ್ದಲ್ಲ, ಆಣೆ.

ಅವರು ಬಿಟ್ಟುಹೋದ ವಂಶವೃಕ್ಷವನ್ನು ಕೈಕಾಲು ತೊಳೆದು ಪಾರಾಯಣ ಮಾಡಿದೆ. ಮೊದಲನೇ ಥ್ರಾಕ್‌ಸ್ಟನ್ ಪ್ರಭುಗಳು ೧೩೧೧ರಲ್ಲಿ ದೊರೆ ಕರೆದನೆಂದು ಒಂದೇ ಒಂದು ಸಲ ಪಾರ್ಲಿಮೆಂಟಿಗೆ ಹೋಗಿ, ಕೂತು, ಎದ್ದು ಬಂದರು. ಆ ಒಂದು ಕೂರಾಟಕ್ಕೆ ಆರುನೂರು ವರ್ಷದಿಂದ ನಮ್ಮ ಮೂಗು ಕೆಳಗಿಳಿದಿಲ್ಲ. ನಾಲ್ಕನೆಯವರು ಸೋಲುವ ದೊರೆಯ ಪಕ್ಷ ಹಿಡಿದು ತಲೆ ಕಳೆದುಕೊಂಡರು. ಒಂಬತ್ತನೆಯವರು ಹೆಂಡತಿಯ ಲಂಗ ಉಟ್ಟು ರಣರಂಗದಿಂದ ಓಟ ಕಿತ್ತರು. ನೀನು ಅದನ್ನು ‘ಜಾಣ ಹಿನ್ನಡೆ’ ಎಂದು ಬರೆಸಿದ್ದೀಯ.

“ಲೆಟಿ, ದನದ ಡಾಕ್ಟರ ಹೆಂಡ್ತಿ ಬ್ಯಾರನೆಸ್ ಆದ್ರೆ ಊರೇ ನಗತ್ತೆ” ಎಂದು ಬರೆದಿದ್ದೆಯಲ್ಲ, ನಿಜ. ಮೊದಲು ನಾನೇ ನಗುತ್ತೇನೆ. ನನಗದು ಬೇಡವೇ ಬೇಡ. ನಿನಗೆ ಸಿಗಬಾರದು, ಇಷ್ಟೇ ನನ್ನ ಬಡ ಆಸೆಯಾಗಿತ್ತು.

ನಿನ್ನ ಊಟದ ಮೇಜಿಗೆ ಡ್ಯೂಕುಗಳು ಸಾಲುಗಟ್ಟಿ ಬರಲಿ, ಸೂಪು ಮಾತ್ರ ಯಾವತ್ತೂ ತಣ್ಣಗಿರಲಿ ಎಂದು ಹರಸುವ,

ಲೆಟಿಸ್ ಬೇನ್ಸ್

ತಾ.ಕ.: ವಂಶವೃಕ್ಷದ ಕೊನೆಯ ಸಾಲಲ್ಲಿ, ನನ್ನ ಹೆಸರಿನ ಕೆಳಗೆ ‘ಮಕ್ಕಳಿಲ್ಲ’ ಎಂದಿದೆ. ೧೭೦೨ರಲ್ಲಿ ಎರಡು ಗಂಟೆ ಬದುಕಿದ ಎಡ್ಮಂಡನಿಗೆ ಅದರಲ್ಲಿ ಜಾಗವಿದೆ. ನನ್ನ ಮಗಳು ಹನ್ನೊಂದು ದಿನ ಬದುಕಿದ್ದಳು. ನೀನು ನೋಡಲು ಬರಲಿಲ್ಲ. ಮಣ್ಣಿಗೂ ಬರಲಿಲ್ಲ, ಆ ವಾರ ಕುದುರೆ ಪಂದ್ಯವಿತ್ತು. “ಸದ್ಯ, ಇನ್ನೂ ಹೆಸರಿಟ್ಟಿರ್ಲಿಲ್ಲವಲ್ಲ” ಎಂದು ನೀನು ಕಾಗದ ಬರೆದೆ.

ಇಟ್ಟಿದ್ದೆವು. ‘ಮಕ್ಕಳಿಲ್ಲ’ ಎಂಬುದನ್ನು ಹೊಡೆದುಹಾಕಿ, ಅಲ್ಲಿ ‘ಐವಿ ಬೇನ್ಸ್’ ಎಂದು ಶಾಯಿಯಲ್ಲಿ ಬರೆದಿದ್ದೇನೆ. ವಕೀಲರ ಕಾಗದವನ್ನು ಒಲೆಗೆ ಹಾಕಿದೆ. ಪದವಿ ಬಿಟ್ಟುಕೊಟ್ಟಿದ್ದೇನೆಂಬ ಮಾತೂ ನನ್ನ ಸಹಿಯೂ ಇದರ ಜೊತೆ ಕಳಿಸುತ್ತಿರುವ ವಂಶವೃಕ್ಷದ ಅದೇ ಹಾಳೆಯ ಬೆನ್ನಿಗಿವೆ, ಸರಿಯಾಗಿ ಅವಳ ಹೆಸರಿನ ಹಿಂದೆ. ಈಗ ಅವಳನ್ನು ಕತ್ತರಿಸಿ ತೆಗೆ, ನೋಡೋಣ.